ಮೂವತ್ತೊಂದು ಜೊತೆ ಬೂಟುಗಳ ಹಾಜರಿ

ಊರು ಬಿಡುವ ಮೊದಲು

ನ್ಯೂಜಿಲೆಂಡಿನಿಂದ ಕಾಗದ ಬಂದ ದಿನ ನಮ್ಮಣ್ಣ ನಿಂಗೇಗೌಡ ಕಬ್ಬಿಗೆ ನೀರು ಕಟ್ಟುತ್ತಿದ್ದ. ನಾನು ಬದುವಿನ ಮೇಲೆ ನಿಂತು ವಿಷಯ ಹೇಳಿದೆ. ಅಲ್ಲೊಂದು ಗುಡ್ಡ, ಗುಡ್ಡದ ತುಂಬ ಹಿಮ. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಆ ಹಿಮದ ಮೇಲೆ ಜಾರುವುದನ್ನು ಜನಕ್ಕೆ ಕಲಿಸಬೇಕು. ನಾಲ್ಕು ತಿಂಗಳ ಕೆಲಸ. ಅಣ್ಣ ಗುದ್ದಲಿಯನ್ನು ಕೆಸರಿಗೆ ಊರಿ ನನ್ನ ಮುಖ ನೋಡಿದ.

“ಅಲ್ಲ ಕಣ್ಲಾ, ಜಾರಾದ ಕಲ್ಸಕೂ ಮೇಷ್ಟ್ರು ಬೇಕಾ? ಮಳೆ ಬಂದಾಗ ಈ ಬದಿನ್ ಮೇಲೆ ಅವರ್ನ ನಡ್ಯಕ್ ಬುಡು. ತಾವಾಗೇ ಕಲೀತಾರೆ.”

“ಜಾರಿ ಬೀಳಾದಲ್ಲ ಕಣಣ್ಣ. ಬೀಳ್ದಂಗೆ ಜಾರಾದು.”

“ಬೀಳ್ದಂಗೆ ನಡ್ಕಂಡೋಗಾದ್ ಬುಟ್ಟು ಜಾರಾದ್ ಯಾಕ್ಲಾ?”

ಇಪ್ಪತ್ತಾರು ವರ್ಷ ಸೈನ್ಯದಲ್ಲಿದ್ದು ಸುಬೇದಾರನಾಗಿ ನಿವೃತ್ತನಾದವನು ನಾನು. ಅದರಲ್ಲಿ ಹದಿನಾಲ್ಕು ವರ್ಷ ಕಾಶ್ಮೀರದ ಹಿಮದಲ್ಲಿ ಜವಾನರಿಗೆ ಸ್ಕೀ ಕಲಿಸಿದ್ದೇನೆ. ಅಷ್ಟು ವರ್ಷದಲ್ಲಿ ಯಾಕೆ ಜಾರಬೇಕು ಎಂದು ಯಾವ ಜವಾನನೂ ಕೇಳಿರಲಿಲ್ಲ. ಆಜ್ಞೆಯಾಗಿತ್ತು, ಜಾರುತ್ತಿದ್ದರು.

ಕಾಗದ ಬರೆದವನು ಇಯಾನ್. ಹಿಂದೆ ಪರ್ವತಾರೋಹಿಗಳ ತಂಡವೊಂದರ ಜೊತೆ ಬಂದು ಕಾಶ್ಮೀರದ ನಮ್ಮ ಶಿಬಿರದಲ್ಲಿ ಎರಡು ವಾರ ಇದ್ದವನು. ತನ್ನ ಕ್ಲಬ್ಬಿನಲ್ಲಿ ಕಲಿಸುತ್ತಿದ್ದ ಇಬ್ಬರಲ್ಲಿ ಒಬ್ಬ ಕೆಲಸ ಬಿಟ್ಟಿದ್ದಾನೆ, ನೀವು ಬರುತ್ತೀರಾ ಎಂದು ಕೇಳಿದ್ದ. ಕೊನೆಯಲ್ಲಿ ಒಂದು ಸಾಲಿತ್ತು: ಮೊದಲ ಒಂದು ತಿಂಗಳು ಪರೀಕ್ಷೆ, ಆಮೇಲೆ ಇರಿಸಿಕೊಳ್ಳುವುದು ಬಿಡುವುದು ಸದಸ್ಯರ ಇಷ್ಟ.

ಆ ಸಾಲನ್ನು ನಾನು ಹೆಂಡತಿ ಜಯಮ್ಮನಿಗೆ ಬಿಟ್ಟು ಬೇರೆ ಯಾರಿಗೂ ಓದಿ ಹೇಳಲಿಲ್ಲ. ಅದೇ ತಪ್ಪಾಯಿತು. ಹಾಲಿನ ಡೇರಿಯವರೆಲ್ಲ ಸೇರಿ ಚಿನಕುರಳಿ ಬಸ್‌ಸ್ಟಾಪಿನಲ್ಲಿ ನನಗೆ ಹಾರ ಹಾಕಿದರು. “ನಾಕ್ ತಿಂಗ್ಳು ಫಾರಿನ್ನು ಕಣ್ರಪ್ಪೋ” ಎಂದು ಅಣ್ಣ ಬಸ್ಸಿನ ಕಂಡಕ್ಟರಿಗೂ ಕೇಳಿಸುವಂತೆ ಕೂಗಿದ. ಬಸ್ಸು ಹೊರಡುವ ಮುಂಚೆ ಜಯಮ್ಮ ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

“ಒಂದ್ ತಿಂಗ್ಳಿಗೇ ವಾಪಸ್ ಕಳಿಸ್ಬುಟ್ರೆ ಏನ್ ಮಾಡೀರಿ?”

“ಕಳ್ಸಾಕಿಲ್ಲ.”

“ಕಳ್ಸುದ್ರೆ ಸೀದಾ ಊರ್‌ಗ್ ಬರ್ಬೇಡಿ. ಅರಕೆರೆಲಿ ನಮ್ಮಕ್ಕನ್ ಮನೇಲಿ ಮೂರ್ ತಿಂಗ್ಳು ಇದ್ದು ಆಮೇಲ್ ಬನ್ನಿ.”

ಅವಳು ತಮಾಷೆಗೆ ಹೇಳಲಿಲ್ಲ. ನಾನೂ ತಮಾಷೆಯೆಂದು ಕೇಳಲಿಲ್ಲ.

ವಿಮಾನ ನಿಲ್ದಾಣ

ಹೊಲದಿಂದ ಬಂದದ್ದು, ಕಾಡಿನಿಂದ ಬಂದದ್ದು ಏನೇ ಇದ್ದರೂ ಹೇಳಿ ಎಂದು ಆ ದೇಶದಲ್ಲಿ ಇಳಿದ ಕೂಡಲೇ ಕೇಳುತ್ತಾರೆ. ನಾನು ಎಲ್ಲವನ್ನೂ ಪಟ್ಟಿ ಮಾಡಿ ಬರೆದುಕೊಟ್ಟೆ: ರಾಗಿ ಹಿಟ್ಟು, ಹುರುಳಿ ಕಾಳು, ಚಟ್ನಿಪುಡಿ. ತಪಾಸಣೆಗೆ ನಿಂತಿದ್ದ ಹೆಣ್ಣುಮಗಳು ರಾಗಿ ಹಿಟ್ಟನ್ನು ಮೂಸಿ ನೋಡಿ, ಇದರಲ್ಲಿ ಏನು ಮಾಡುತ್ತೀರಿ ಎಂದಳು. ಮುದ್ದೆಯನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೋದೆ. ಹಿಂದೆ ಸಾಲು ಬೆಳೆಯಿತು. ಕೈಯಲ್ಲಿ ಗುಂಡಗೆ ಮಾಡಿ ತೋರಿಸಿದೆ, ನುಂಗುವುದನ್ನೂ ತೋರಿಸಿದೆ. ಹಿಟ್ಟನ್ನು ಬಿಟ್ಟಳು, ಹುರುಳಿಯನ್ನು ಇಟ್ಟುಕೊಂಡಳು. ಮೊಳೆಯುವ ಕಾಳು ಒಳಗೆ ಬರುವಂತಿಲ್ಲವಂತೆ. ನಿಯಮ ನಿಯಮವೇ. ನನಗೆ ಆ ದೇಶ ಅಲ್ಲಿಯೇ ಹಿಡಿಸಿತು.

ಗುಡ್ಡದ ಮನೆ

ಪೇಟೆಯಿಂದ ಎರಡು ಗಂಟೆ ದಾರಿ. ದಾರಿಯುದ್ದಕ್ಕೂ ಹಸುರು ಹುಲ್ಲು, ಕುರಿ, ಮತ್ತೆ ಕುರಿ. ಕಾಯುವವನೊಬ್ಬನೂ ಇಲ್ಲ. ನಾಗಮಂಗಲದ ಕಡೆ ಹತ್ತು ಕುರಿಗೆ ಒಬ್ಬನಾದರೂ ಕಂಬಳಿ ಹೊದ್ದು ನಿಂತಿರುತ್ತಾನೆ. ಇಲ್ಲಿ ತಂತಿಬೇಲಿಯೇ ಕುರುಬ.

ಕ್ಲಬ್ಬು ಎಂದರೆ ನಾನು ದೊಡ್ಡ ಹೋಟೆಲನ್ನು ಊಹಿಸಿದ್ದೆ. ಇದ್ದದ್ದು ಗುಡ್ಡದ ನಡುವೆ ಒಂದು ಮರದ ಮನೆ. ಒಂದರ ಮೇಲೊಂದು ಹಾಸಿಗೆ, ಉದ್ದನೆಯ ಊಟದ ಮೇಜು, ಬೂಟು ಒಣಗಿಸಲು ದೊಡ್ಡ ಬಾಯ್ಲರಿರುವ ಒಂದು ಕೋಣೆ. ಅಡುಗೆಯವರಿಲ್ಲ, ಆಳುಗಳಿಲ್ಲ. ಬಂದವರೇ ಎಲ್ಲ ಮಾಡಬೇಕು. ಗೋಡೆಯ ಮೇಲೆ ದಿನದ ಕೆಲಸದ ಪಟ್ಟಿ. ನಾನು ಹೋದ ದಿನ ಪಾಯಿಖಾನೆ ತೊಳೆಯುವ ಸರದಿ ಒಬ್ಬ ದೊಡ್ಡ ವಕೀಲರದು, ಆಲೂಗಡ್ಡೆ ಸುಲಿಯುವುದು ಒಬ್ಬ ಹೃದಯ ವೈದ್ಯರದು. ನಮ್ಮಲ್ಲಿ ನೆಂಟರ ಕೈಗೆ ಪೊರಕೆ ಕೊಟ್ಟರೆ ಮೂರು ತಲೆಮಾರು ಮಾತಾಡುತ್ತಾರೆ. ಇಲ್ಲಿ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಬೇಸರ ಮಾಡಿಕೊಳ್ಳುತ್ತಾರೆ. ನನಗೆ ಬೇಕಾಗಿದ್ದೂ ಇಂಥದ್ದೇ. ನನ್ನ ಸರದಿ ಬಂದಾಗ ಮುದ್ದೆ ಮಾಡಿದೆ. ಬಡಗಿ ಕೆಲಸದ ಬಾಬ್ ಎಂಬವನು ಅದನ್ನು ಅಗಿಯುತ್ತಾ ಕುಳಿತ. “ಅಗಿಯಬೇಡ, ನುಂಗು” ಎಂದೆ. ಮೇಜಿನ ಸುತ್ತ ಇದ್ದವರೆಲ್ಲ ಒಟ್ಟಿಗೆ ನುಂಗಿ, ನೀರು ಕುಡಿದರು.

ಕಾರ್ಯದರ್ಶಿ ಜೋಯ್ಸ್. ಅರವತ್ತು ದಾಟಿದ, ಸಣಕಲು ಮೈಯ ಹೆಂಗಸು. ತಪ್ಪಲಿನಲ್ಲಿ ಕುರಿ ಸಾಕುತ್ತಾರೆ. ಮೊದಲ ಸಂಜೆಯೇ ಕೂರಿಸಿಕೊಂಡು ಹೇಳಿದರು: “ಮಿಸ್ಟರ್ ಗೌಡ, ಒಂದು ತಿಂಗಳು. ನಾಳೆ ಯಾರ ಪಾಠಕ್ಕೆ ಹೋಗುತ್ತೇವೆ ಎಂದು ಜನ ಹಿಂದಿನ ಸಂಜೆ ಗೋಡೆಯ ಆ ಹಲಗೆಯ ಮೇಲೆ ಹೆಸರು ಬರೆಯುತ್ತಾರೆ. ನಿಮ್ಮ ಕೆಳಗೆ ಹೆಸರುಗಳಿದ್ದರೆ ಇರುತ್ತೀರಿ. ಇಲ್ಲದಿದ್ದರೆ ಟಿಕೆಟ್ ತೆಗೆದುಕೊಡುತ್ತೇವೆ. ಸರಿ ತಾನೆ?”

ಸರಿ ಎಂದೆ. ಮರುದಿನದಿಂದ ಎಲ್ಲರೂ ನನ್ನನ್ನು ‘ಸಿಡ್’ ಎಂದರು. ಸಿದ್ದೇಗೌಡ ಎನ್ನುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಮೊದಲ ಮೂರು ವಾರ

ಮೊದಲ ಬೆಳಗ್ಗೆಯೇ ಎಡವಿದೆ. ನಮ್ಮ ಹಿಮಾಲಯದಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಹಿಮ ಗಟ್ಟಿಯಾಗಿ ನಿಲ್ಲುತ್ತದೆ. ಅಲ್ಲಿಗೆ ಬಿಸಿಲು ಕಡಿಮೆ. ಆ ಲೆಕ್ಕದಲ್ಲಿ ಉತ್ತರದ ಮಗ್ಗುಲಿನಲ್ಲಿ ಪಾಠಕ್ಕೆ ಜಾಗ ಗುರುತು ಮಾಡಿ ಬಾವುಟ ನೆಟ್ಟೆ. ಇಲ್ಲಿ ಸೂರ್ಯ ಉತ್ತರದ ಆಕಾಶದಲ್ಲೇ ತಿರುಗುತ್ತಾನೆ. ಹತ್ತು ಗಂಟೆಗೆ ನನ್ನ ಹಿಮವೆಲ್ಲ ನಾಟಿಗೆ ಹದಮಾಡಿದ ಗದ್ದೆಯಾಯಿತು. ಒಂಬತ್ತು ಜನ ಶಿಷ್ಯರು ಮಂಡಿಯವರೆಗೆ ಹೂತು ನಿಂತಿದ್ದರು. ಇಯಾನ್ ದೂರದಿಂದ ನೋಡಿ ದಕ್ಷಿಣದ ಮಗ್ಗುಲಿಗೆ ಕೈ ತೋರಿಸಿದ. ಬಾವುಟ ಕಿತ್ತುಕೊಂಡು ಹೋದೆವು.

ಗುಡ್ಡ ಹತ್ತಲು ಅಲ್ಲಿ ತಂತಿಯ ಮೇಲೆ ತೂಗುವ ಕುರ್ಚಿ ಇಲ್ಲ, ತೊಟ್ಟಿಲಿಲ್ಲ. ಎಂಜಿನ್ನಿಗೆ ಕಟ್ಟಿದ ದಪ್ಪ ಹಗ್ಗವೊಂದು ರಾಟೆಗಳ ಮೇಲೆ ಸದಾ ಓಡುತ್ತಿರುತ್ತದೆ. ಸೊಂಟದ ಬೆಲ್ಟಿಗೆ ಕಟ್ಟಿದ ಕಬ್ಬಿಣದ ಇಕ್ಕಳದಿಂದ ಆ ಹಗ್ಗವನ್ನು ಕಚ್ಚಿಸಬೇಕು, ಅದು ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ರಾಟೆ ಬಂದಾಗ ಕೈ ಅಲ್ಲಿರಬಾರದು. ಆಲೆಮನೆಯ ಗಾಣಕ್ಕೆ ಕಬ್ಬು ಕೊಟ್ಟು ಬೆಳೆದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಯಾವಾಗ ಹಿಡಿಯಬೇಕು, ಯಾವಾಗ ಕೈ ಬಿಡಬೇಕು, ಅಷ್ಟೇ. ಎರಡನೆಯ ಸಲಕ್ಕೇ ನಾನು ಸಲೀಸಾಗಿ ಮೇಲೆ ಹೋದೆ.

ಜಾರುವುದರಲ್ಲಿ ನನ್ನನ್ನು ಯಾರೂ ಬೆರಳು ಮಾಡಿ ತೋರಿಸಲಿಲ್ಲ. ತೊಂದರೆಯಾದದ್ದು ಕಲಿಸುವುದರಲ್ಲಿ.

ನನ್ನ ಕ್ರಮ ಹೀಗೆ. ಸರಿಯಾಗಿ ಒಂಬತ್ತಕ್ಕೆ ಸಾಲು. ಎಡದಿಂದ ಎಣಿಕೆ, ಪ್ರತಿಯೊಬ್ಬರೂ ತಮ್ಮ ಸಂಖ್ಯೆ ಕೂಗಬೇಕು. ಪಾಠದ ಹೊತ್ತಿನಲ್ಲಿ ಮಾತಿಲ್ಲ. ಸೀಟಿ ಒಂದು ಸಲ ಊದಿದರೆ ನಿಲ್ಲು, ಎರಡು ಸಲ ಊದಿದರೆ ಹೊರಡು, ಮೂರು ಸಲ ಊದಿದರೆ ನನ್ನ ಕಡೆ ಬಾ. ಹಲಗೆಯ ಮೂತಿಗಳು ಹತ್ತಿರ, ಹಿಂದಿನ ತುದಿಗಳು ಅಗಲ, ಮಂಡಿ ಬಾಗಿರಬೇಕು, ಕಣ್ಣು ಕಾಲಿನ ಮೇಲಲ್ಲ, ಮುಂದೆ. ಬಿದ್ದವರು ತಾವೇ ಏಳಬೇಕು. ನಾನು ಕೈ ಕೊಡುವುದಿಲ್ಲ. ಇದರಲ್ಲಿ ತಪ್ಪೇನೂ ನನಗೆ ಈಗಲೂ ಕಾಣುವುದಿಲ್ಲ.

ಗೋಡೆಯ ಹಲಗೆಯ ಮೇಲೆ ನನ್ನ ಹೆಸರಿನ ಕೆಳಗೆ ಮೊದಲ ವಾರ ಒಂಬತ್ತು ಹೆಸರಿದ್ದವು. ಎರಡನೆಯ ವಾರ ನಾಲ್ಕು. ಮೂರನೆಯ ವಾರದ ಹೊತ್ತಿಗೆ ಎರಡು. ಇಯಾನ್‌ನ ಕೆಳಗೆ ಜಾಗ ಸಾಲದೆ ಪಕ್ಕದಲ್ಲಿ ಬರೆಯುತ್ತಿದ್ದರು. ಅವನ ಶಿಷ್ಯರು ಬಿದ್ದರೆ ನಗುತ್ತಿದ್ದರು, ಅವನೂ ಜೊತೆಗೆ ಬಿದ್ದು ನಗುತ್ತಿದ್ದ. ಜೋಯ್ಸ್ ಪ್ರತಿ ಸಂಜೆ ಹಲಗೆಯ ಮುಂದೆ ನಿಂತು ಓದಿ ಹೋಗುತ್ತಿದ್ದರು.

“ಸಿಡ್, ಇವರು ರಜೆಗೆ ಬಂದವರು” ಎಂದು ಒಂದು ದಿನ ಇಯಾನ್ ಹೇಳಿದ. “ಸೈನ್ಯಕ್ಕೆ ಸೇರಲು ಬಂದಿಲ್ಲ.”

“ಇವರು ರಜೆಯಲ್ಲಿದ್ದಾರೆ ಎಂದು ಬೆಟ್ಟಕ್ಕೆ ಗೊತ್ತಿರುವುದಿಲ್ಲ.”

“ಅದು ನಿಜ. ಆದರೆ ಸ್ವಲ್ಪ ನಗು. ಬೆಟ್ಟ ಬೇಡ ಅನ್ನುವುದಿಲ್ಲ.”

ನಕ್ಕು ನೋಡಿದೆ. ಎಂಟು ವರ್ಷದ ಮಗುವೊಂದು ಹೆದರಿ ತಾಯಿಯ ಹಿಂದೆ ಹೋಯಿತು.

ಯಾರೂ ಕೇಳದಿದ್ದರೂ ನಾನು ಮಾಡಿಕೊಂಡಿದ್ದ ಇನ್ನೊಂದು ಕೆಲಸವಿತ್ತು. ಸಂಜೆ ನಾಲ್ಕೂವರೆಗೆ ಬೂಟು ಕೋಣೆಗೆ ಹೋಗಿ ಬೂಟು ಎಣಿಸುತ್ತಿದ್ದೆ. ನಮ್ಮೂರಿನಲ್ಲಿ ಬಾಗಿಲಿನ ಮುಂದಿರುವ ಮೆಟ್ಟುಗಳನ್ನು ನೋಡಿದರೆ ಒಳಗೆ ಯಾರಿದ್ದಾರೆ, ಎಷ್ಟು ಜನ ನೆಂಟರು ಬಂದಿದ್ದಾರೆ ಎಲ್ಲ ಗೊತ್ತಾಗುತ್ತದೆ. ಇಲ್ಲಿಯೂ ಹಾಗೆಯೇ. ಹಿಮದಿಂದ ಬಂದವರು ಬೂಟು ಕಳಚಿ ಗೂಡಿನಲ್ಲಿಟ್ಟು ಬರಿಗಾಲಲ್ಲಿ ಒಳಗೆ ಹೋಗುತ್ತಾರೆ. ಬೂಟು ಲೆಕ್ಕಕ್ಕೆ ಬಂದರೆ ಜನ ಲೆಕ್ಕಕ್ಕೆ ಬಂದ ಹಾಗೆ. “ನನ್ನ ಬೂಟು ಇವತ್ತು ಹಾಜರಾ, ಸಿಡ್?” ಎಂದು ಬಾಬ್ ದಿನಾ ರೇಗಿಸುತ್ತಿದ್ದ. ಹಾಜರು ಎಂದು ದಿನಾ ಉತ್ತರ ಕೊಡುತ್ತಿದ್ದೆ.

ನಾಲ್ಕನೆಯ ಶುಕ್ರವಾರ

ಮಕ್ಕಳ ಶಾಲೆಗೆ ರಜೆ ಇದ್ದುದರಿಂದ ಮನೆ ತುಂಬಿತ್ತು. ನನ್ನ ತಿಂಗಳು ಭಾನುವಾರಕ್ಕೆ ಮುಗಿಯುವುದರಲ್ಲಿತ್ತು. ಹಲಗೆಯ ಮೇಲೆ ನನ್ನ ಕೆಳಗೆ ಮೂರು ಹೆಸರು. ಮೂರನೆಯದನ್ನು ಯಾರೋ ವಿಚಿತ್ರವಾಗಿ ಬರೆದಿದ್ದರು; ನಾನು ಓದಲೂ ಹೋಗಲಿಲ್ಲ.

ಬೆಳಗ್ಗೆ ಪಾಠಕ್ಕೆ ಬಂದವರಲ್ಲಿ ಮಂಕಿ ಟೋಪಿ ಹಾಕಿಕೊಂಡ ಗಂಡಸೊಬ್ಬನಿದ್ದ. ಹಲಗೆಯನ್ನು ಅಗಲಿಸು ಎಂದರೆ ಕಾಲನ್ನೇ ಅಗಲಿಸುತ್ತಿದ್ದ. ಮೂರನೆಯ ಸಲ ಅವನು ನೇರವಾಗಿ ನನ್ನ ಮೇಲೆ ನುಗ್ಗಿದಾಗ ನನ್ನ ಬಾಯಿಂದ ಊರ ಮಾತೇ ಬಂತು.

“ಮಂಡಿ ಬಗ್ಸಲಾ! ಗೂಟ ನಿಂತಂಗ್ ನಿಂತವ್ನೆ!”

ಬಿದ್ದಲ್ಲಿಂದಲೇ ಅವನು ಟೋಪಿ ಸರಿಸಿ ನನ್ನನ್ನು ನೋಡಿದ.

“ಬಗ್ತಾ ಇಲ್ಲ ಕಣ್ರೀ ಅದು! ಯಾವೂರ್ ಸ್ವಾಮಿ ನಿಮ್ದು?”

“ಚಿನಕುರಳಿ ಕಡೆ. ನಿಮ್ದು?”

“ದೇವಲಾಪುರ! ಅಯ್ಯೋ ಶಿವನೇ, ಇಷ್ಟ್ ದೂರ ಬಂದು ಮಂಡ್ಯದೋರ್ ಕೈಲೇ ಬೈಸ್ಕೋಬೇಕಾ ನಾನು?”

ಅವರು ಡಾಕ್ಟರ್ ಪುಟ್ಟಸ್ವಾಮಿ, ದನದ ವೈದ್ಯರು. ಹಸುಗಳ ಬಗ್ಗೆ ತರಬೇತಿಗೆಂದು ಸರ್ಕಾರದವರು ಆರು ತಿಂಗಳು ಕಳಿಸಿದ್ದರು. ಹಿಮ ನೋಡಿಕೊಂಡು ಹೋಗೋಣ ಎಂದು ಸೋಮವಾರದವರೆಗೆ ಇರಲು ಬಂದಿದ್ದರು. ವಯಸ್ಸು ಮೂವತ್ತೈದು. ಆ ದಿನವೆಲ್ಲ ನಾವು ಕನ್ನಡದಲ್ಲಿ ಮಾತಾಡಿದೆವು. ನನ್ನ ಉಳಿದ ಇಬ್ಬರು ಶಿಷ್ಯರು ಬೇಸತ್ತು ಇಯಾನ್ ಕಡೆ ಹೋದರು. ತಿಂಗಳ ಪರೀಕ್ಷೆಯ ವಿಷಯವನ್ನೂ ಡಾಕ್ಟರಿಗೆ ಹೇಳಿಕೊಂಡೆ.

“ಏನೂ ಯೋಚ್ನೆ ಮಾಡ್ಬ್ಯಾಡಿ ಗೌಡ್ರೆ. ನಾಳೆ ನಾನ್ ಬೀಳ್ದಂಗೆ ಇಳ್ದು ತೋರುಸ್ತೀನಿ. ನಿಮ್ ಮರ್ಯಾದೆ ನನ್ ಕಾಲಲ್ಲಿ ಅದೆ.”

ಶನಿವಾರ

ಮಾತಿಗೆ ತಕ್ಕಂತೆ ಡಾಕ್ಟರು ಮರುದಿನ ಹಠ ಹಿಡಿದು ಕಲಿತರು. ಮಧ್ಯಾಹ್ನ ಮೂರಕ್ಕೆ ಅವರನ್ನೂ ಆ ದಿನ ಹೊಸದಾಗಿ ಬಂದ ಇನ್ನಿಬ್ಬರನ್ನೂ ಹಗ್ಗದ ತುದಿಯವರೆಗೆ ಕರೆದುಕೊಂಡು ಹೋದೆ. ಇಳಿಯುವಾಗ ಒಬ್ಬಾಕೆ ಬಿದ್ದು ಹಲಗೆ ಕಳಚಿಕೊಂಡಿತು. ಅದನ್ನು ಹಾಕಿಸಿ ತಲೆಯೆತ್ತುವಷ್ಟರಲ್ಲಿ ಡಾಕ್ಟರು ಕಾಣಲಿಲ್ಲ. ಕೆಳಗೆ ಹೋಗಿರಬೇಕು ಎಂದುಕೊಂಡೆ. ಹಾಗೆ ಎಂದುಕೊಂಡದ್ದು ನನ್ನ ತಪ್ಪು. ಸಾಲಿನ ಕೊನೆಯವನನ್ನು ಕಣ್ಣಿನಿಂದ ಬಿಡಬಾರದು.

ನಾಲ್ಕರ ನಂತರ ಗಾಳಿ ಎದ್ದಿತು. ಮೋಡ ಇಳಿದು ಮೇಲಿನ ಅರ್ಧ ಗುಡ್ಡ ಮುಚ್ಚಿಹೋಯಿತು. ನಾಲ್ಕೂವರೆಗೆ ಬೂಟು ಎಣಿಸಿದೆ. ಇರಬೇಕಾದದ್ದು ಮೂವತ್ತೊಂದು ಜೊತೆ. ಇದ್ದದ್ದು ಮೂವತ್ತು. ಮತ್ತೆ ಎಣಿಸಿದೆ. ಮೂರನೆಯ ಸಲ ಒಂದೊಂದು ಗೂಡನ್ನೂ ಮುಟ್ಟಿ ಎಣಿಸಿದೆ. ಡಾಕ್ಟರ ಗೂಡು ಖಾಲಿ. ಹೊರಗೆ ಸ್ಕೀ ನಿಲ್ಲಿಸುವ ಚೌಕಟ್ಟನ್ನು ನೋಡಿದೆ, ಅವರ ಹಲಗೆಗಳೂ ಇಲ್ಲ. ಮನೆಯಲ್ಲೆಲ್ಲ ಕೂಗಿದೆ. ಇಯಾನ್ ಅವರ ಹಾಸಿಗೆ ನೋಡಿ ಬಂದ, ಖಾಲಿ. ಊಟದ ಕೋಣೆಯಲ್ಲಿ ಕೇಳಿದರೆ ಮೂರು ಗಂಟೆಯ ನಂತರ ನೋಡಿದವರಿಲ್ಲ.

ನಾನು ಎಂಜಿನ್ನಿನ ಗುಡಿಸಲಿಗೆ ಓಡಿಹೋಗಿ ಸೈರನ್ ಒತ್ತಿದೆ. ನಮ್ಮ ಕಡೆ ಕಲ್ಲಿನ ಕ್ವಾರಿಯಲ್ಲಿ ಮದ್ದು ಸಿಡಿಸುವ ಮುಂಚೆ ಇಂಥದ್ದೇ ಸೈರನ್ ಹಾಕುತ್ತಾರೆ. ಅಲ್ಲಿ ಅದು ದೂರ ಓಡಿ ಎಂದರ್ಥ. ಇಲ್ಲಿ ಎಲ್ಲರೂ ಹತ್ತಿರ ಬಂದರು.

ಹದಿನೆಂಟು ಜನ ಹೊರಟೆವು. ಡಾಕ್ಟರು ಯಾರದಾದರೂ ಗಾಡಿಯಲ್ಲಿ ಪೇಟೆಗೆ ಹೋಗಿದ್ದಾರೇನೋ ನೋಡಲು ಜೋಯ್ಸ್ ಕೆಳಗಿನ ರಸ್ತೆಗೆ ಹೋದರು. ಇಪ್ಪತ್ತು ಹೆಜ್ಜೆಗೊಬ್ಬರಂತೆ ಸಾಲಾಗಿ ನಿಲ್ಲಿಸಿದೆ. ಸೀಟಿಯ ಅರ್ಥ ಹೇಳುವ ಅಗತ್ಯ ಬೀಳಲಿಲ್ಲ; ತಿಂಗಳಿಂದ ಅದನ್ನು ಅಣಕಿಸಿ ಅಣಕಿಸಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಕೈ ಚಾಚಿದರೆ ಕೈ ಕಾಣದ ಮೋಡದಲ್ಲಿ ಒಂದು ಗಂಟೆ ಹುಡುಕಿದೆವು. ಎರಡು ಸೀಟಿ, ಹತ್ತು ಹೆಜ್ಜೆ; ಒಂದು ಸೀಟಿ, ನಿಂತು ಕಿವಿಗೊಡು. ನಾನು ನನ್ನ ಭಾಷೆಯಲ್ಲಿ ಕೂಗಿದೆ, “ಡಾಕ್ಟ್ರೇ! ಪುಟ್ಟಸ್ವಾಮೀ!” ಗಾಳಿಯ ಸದ್ದೇ ಬಂತು. ದೇವಲಾಪುರದ ಅವರ ಮನೆಯವರಿಗೆ ಯಾವ ಮಾತಿನಲ್ಲಿ ಕಾಗದ ಬರೆಯುವುದು ಎಂದು ಯೋಚಿಸಿದ್ದು ನಿಜ. ಕೆಲಸದ ಯೋಚನೆ ಆ ಒಂದು ಗಂಟೆ ತಲೆಯಲ್ಲಿರಲಿಲ್ಲ.

ಬೆಳಕು ಪೂರ್ತಿ ಹೋಗುವ ಮುಂಚೆ ಮೂರು ಸೀಟಿ ಊದಿ ಎಲ್ಲರನ್ನೂ ಹತ್ತಿರ ಕರೆದು, ಎಣಿಸಿ, ಒಬ್ಬರ ಹಿಂದೊಬ್ಬರಂತೆ ಕೆಳಗೆ ತಂದೆ. ದೊಡ್ಡ ದೀಪಗಳನ್ನೂ ಹಗ್ಗವನ್ನೂ ತೆಗೆದುಕೊಂಡು ಮತ್ತೆ ಹೋಗಬೇಕೆಂದಿತ್ತು. ಬಾಗಿಲ ಹತ್ತಿರ ಬಾಬ್ ಮಂಜುಗಡ್ಡೆಯ ಮೇಲೆ ಜಾರಿ ಮಣಿಕಟ್ಟು ಉಳುಕಿಸಿಕೊಂಡ.

ಬೂಟು ಕೋಣೆಯ ಬೆಂಚಿನ ಮೇಲೆ ಮಂಕಿ ಟೋಪಿ ಹಾಕಿಕೊಂಡು, ಕಂಬಳಿ ಹೊದ್ದು, ಒಂದು ಬೂಟು ಕಾಲಿಗೆ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಪುಟ್ಟಸ್ವಾಮಿ ಕುಳಿತಿದ್ದರು.

“ಯಾರ್ ಗೌಡ್ರೆ ಕಳ್ದೋಗಿರಾದು? ತಡೀರಿ, ನಾನೂ ಬತ್ತೀನಿ.”

ನನ್ನ ಮಾತಿನಲ್ಲಿ ಮರ್ಯಾದೆ ಉಳಿಯಲಿಲ್ಲ.

“ಎಲ್ಲೋಗಿದ್ದಲಾ ನೀನು!”

“ಇಲ್ಲೇ ಬಾಯ್ಲರ್ ಹಿಂದೆ ಮಲ್ಗಿದ್ದೆ. ಮೈಕೈಯೆಲ್ಲ ನೋವು, ಅಲ್ಲಿ ಬೆಚ್ಚಗಿತ್ತು. ಬಾಯ್ಲರ್ ಸದ್ದಲ್ಲಿ ಏನೂ ಕೇಳಿಸ್ನಿಲ್ಲ, ಬಾಗ್ಲತ್ರ ನೀವು ಮಾತಾಡಾದ್ ಕೇಳಿ ಈಗ ಎದ್ದೆ. ಮಂಚ ಬೇರೆ ಅಷ್ಟ್ ಎತ್ರದಲ್ಲಿ ಅದೆ, ಬಿದ್ಗಿದ್ರೆ?”

“ಬೂಟೆಲ್ಲಿತ್ತು? ಗೂಡು ಖಾಲಿ ಐತಲ್ಲ!”

ಪುಟ್ಟಸ್ವಾಮಿ ಸ್ವಲ್ಪ ನಾಚಿಕೊಂಡರು. “ಒಂದು ಕಲ್ಲಿದ್ದಿಲು ಡಬ್ಬದ್ ಹಿಂದೆ. ಇನ್ನೊಂದು ಆ ಹಗ್ಗದ್ ಸುರುಳಿ ಒಳ್ಗೆ. ಅಲ್ಲ ಗೌಡ್ರೆ, ಬಾಡ್ಗೆ ಬೂಟು. ಕಳ್ದೋದ್ರೆ ನೀವೇ ಜವಾಬ್ದಾರಿ ಅಂತ ಅಂಗ್ಡಿಯೋನ್ ಬರಿಸ್ಕೊಂಡವ್ನೆ. ಹಲಗೇನೂ ಅದುಕ್ಕೇ ಬಾಯ್ಲರ್ ಹಿಂದೆ ತಗೊಂಡೋದೆ.”

ನನಗೆ ಎಲ್ಲ ಅರ್ಥವಾಯಿತು. ಮದುವೆ ಛತ್ರದಲ್ಲಿ ಹೊಸ ಮೆಟ್ಟನ್ನು ಜೊತೆಯಾಗಿ ಬಿಟ್ಟರೆ ಊಟ ಮುಗಿಸಿ ಬರುವಷ್ಟರಲ್ಲಿ ಹೋಗಿರುತ್ತದೆ. ಒಂದನ್ನು ಈ ಕಡೆ, ಒಂದನ್ನು ಆ ಕಡೆ ಬಿಟ್ಟರೆ ಯಾರೂ ಮುಟ್ಟುವುದಿಲ್ಲ. ನಾನೂ ಚಿಕ್ಕಂದಿನಲ್ಲಿ ಹಾಗೆಯೇ ಮಾಡಿದವನು. ಮೂವತ್ತು ಜನರ ಬೂಟು ಗೂಡಿನಲ್ಲಿದ್ದು ನಮ್ಮ ಕಡೆಯ ಒಬ್ಬನದು ಮಾತ್ರ ಕಾಣದಿದ್ದರೆ ಎಲ್ಲಿ ಹುಡುಕಬೇಕು ಎಂದು ಆ ಮನೆಯಲ್ಲಿ ಹೊಳೆಯಬೇಕಾಗಿದ್ದುದು ನನಗೊಬ್ಬನಿಗೇ. ಹೊಳೆಯಲಿಲ್ಲ.

ಭಾನುವಾರ

ಬೆಳಗಿನ ತಿಂಡಿಯಾದ ಮೇಲೆ ಊಟದ ಮೇಜಿನ ಸುತ್ತ ಎಲ್ಲರೂ ಕುಳಿತರು. ಜೋಯ್ಸ್ ಮೇಜಿನ ತುದಿಯಲ್ಲಿ. ಬಾಬ್ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮೊದಲು ಮಾತಾಡಿದ.

“ನನಗೆ ಸಿಡ್ ಮೇಲೆ ಕೋಪವಿಲ್ಲ. ಆದರೆ ಮಲಗಿದ್ದವನನ್ನು ಹುಡುಕಲು ಹೋಗಿ ಕೈ ಉಳುಕಿಸಿಕೊಂಡಿದ್ದೇನೆ. ಒಂದು ವಾರ ಸುತ್ತಿಗೆ ಹಿಡಿಯುವಂತಿಲ್ಲ. ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.”

ನ್ಯಾಯವಾದ ಮಾತು. ಜೋಯ್ಸ್ ನನ್ನ ಕಡೆ ತಿರುಗಿದರು.

“ಗೇಟಿನಲ್ಲಿ ಕುರಿ ಎಣಿಸುವಾಗ ಒಂದು ಕಡಿಮೆ ಬಂದರೆ ನಾವು ಮತ್ತೆ ಎಣಿಸುತ್ತೇವೆ. ನೀವು ಎಣಿಸಿದಿರಾ?”

“ಮೂರು ಸಲ.”

“ಬೂಟು ಎಣಿಸಿದಿರಿ. ಜನರನ್ನು ಯಾಕೆ ಎಣಿಸಲಿಲ್ಲ?”

“ಜನ ಒಂದು ಕಡೆ ನಿಲ್ಲುವುದಿಲ್ಲ ಮೇಡಂ. ಬೂಟು ನಿಲ್ಲುತ್ತವೆ.”

ಯಾರೋ ನಕ್ಕರು. ನಾನು ನಗಲಿಲ್ಲ. ಎದ್ದು ನಿಂತು ಹೇಳಿದೆ: “ಸಾಲಿನ ಕೊನೆಯವನನ್ನು ಕಣ್ಣಿನಿಂದ ಬಿಟ್ಟೆ. ಬೂಟು ಕೋಣೆಯನ್ನು ಸರಿಯಾಗಿ ಶೋಧಿಸಲಿಲ್ಲ. ಎರಡೂ ನನ್ನ ತಪ್ಪು. ಬಾಬ್‌ಗೆ ಆದದ್ದಕ್ಕೆ ಕ್ಷಮೆ ಕೇಳುತ್ತೇನೆ.”

“ಇವತ್ತು ಸಂಜೆ ಮತ್ತೆ ಒಂದು ಕಡಿಮೆ ಬಂದರೆ?”

“ಮತ್ತೆ ಸೈರನ್ ಹಾಕುತ್ತೇನೆ.”

ಆಗ ಪುಟ್ಟಸ್ವಾಮಿ ಎದ್ದು ತಾವು ಮಾತಾಡಬಹುದೇ ಎಂದು ಕೇಳಿದರು. ನಾಗಮಂಗಲದ ಛತ್ರವೊಂದರಲ್ಲಿ ತಮ್ಮ ಎರಡು ಜೊತೆ ಚಪ್ಪಲಿ ಹೋದದ್ದು, ಎರಡನೆಯ ಸಲ ಬರಿಗಾಲಲ್ಲಿ ಬಸ್ಸು ಹತ್ತಿದ್ದು, ಅಂದಿನಿಂದ ಎಡಗಾಲಿನದನ್ನು ಒಂದು ಕಡೆ ಬಲಗಾಲಿನದನ್ನು ಇನ್ನೊಂದು ಕಡೆ ಬಿಡುವುದು, ಎಲ್ಲವನ್ನೂ ಕೈಕಾಲು ಆಡಿಸಿ ವಿವರಿಸಿದರು. ಒಂದು ಸಲ ಮುಖ್ಯಮಂತ್ರಿಗಳ ಸಭೆಯಲ್ಲಿಯೂ ಹಾಗೆ ಮಾಡಿ, ಸಭೆ ಮುಗಿದ ಮೇಲೆ ಬಲಗಾಲಿನದು ಎಲ್ಲಿಟ್ಟೆ ಎಂಬುದೇ ಮರೆತುಹೋಗಿತ್ತಂತೆ. ಬಾಬ್ ಮೇಜು ಗುದ್ದಿ ನಕ್ಕು, ಉಳುಕಿದ ಕೈ ಎಂದು ನೆನಪಾಗಿ ಕಿರುಚಿದ. ಕೊನೆಗೆ ಡಾಕ್ಟರು ಹೇಳಿದರು, “ತಪ್ಪು ನನ್ನದು, ಇವರದಲ್ಲ. ಕಳೆದುಹೋದರೆ ಹುಡುಕಲು ಒಬ್ಬರಿದ್ದಾರೆ ಎಂದು ನನಗೆ ಇಲ್ಲಿ ಗೊತ್ತಾಯಿತು. ಛತ್ರದಲ್ಲಿ ಯಾರೂ ಹುಡುಕಲಿಲ್ಲ.”

ಜೋಯ್ಸ್ ಮುಂದಿದ್ದ ಕ್ಲಬ್ಬಿನ ಪುಸ್ತಕ ಮುಚ್ಚಿದರು. “ಒಬ್ಬೊಬ್ಬರನ್ನೂ ಬೇರೆ ಬೇರೆ ಕೇಳಿ ಸಂಜೆ ಹೇಳುತ್ತೇನೆ.”

ಉತ್ತರ ನನಗೆ ಗೊತ್ತೇ ಇದೆ ಎಂದುಕೊಂಡೆ. ಟ್ರಂಕು ತೆಗೆದು ಬಟ್ಟೆ ಮಡಿಸಿಟ್ಟೆ. ಅರಕೆರೆಯಲ್ಲಿ ಜಯಮ್ಮನ ಅಕ್ಕನ ಮನೆಯಲ್ಲಿ ಮೂರು ತಿಂಗಳು ಕೂರುವುದು ಹೇಗೆ ಎಂದು ಯೋಚಿಸಿದೆ. ಆಗದ ಮಾತು. ನೇರವಾಗಿ ಊರಿಗೇ ಹೋಗಿ, ಬಸ್‌ಸ್ಟಾಪಿನಲ್ಲೇ ನಿಂತು, ಆಗಲಿಲ್ಲ ಎಂದು ಹೇಳುವುದು ಎಂದು ತೀರ್ಮಾನಿಸಿದೆ. ಅಣ್ಣ ಒಂದು ವರ್ಷ ನಗುತ್ತಾನೆ. ನಗಲಿ. ಪುಟ್ಟಸ್ವಾಮಿ ಬಾಗಿಲಲ್ಲಿ ನಿಂತು ಟ್ರಂಕು ನೋಡಿದರು.

“ಇನ್ನೂ ಏನೂ ಹೇಳಿಲ್ಲ, ಆಗ್ಲೇ ಕಟ್ಬುಟ್ರಾ ಗೌಡ್ರೆ?”

“ಆರ್ಡ್ರು ಬಂದ್ಮೇಲ್ ಕಟ್ಟಕ್ ಕುಂತ್ರೆ ಮಡಿಕೆ ಸರಿ ಬರಾಕಿಲ್ಲ.”

ನಾಲ್ಕೂವರೆಯಾಯಿತು. ಕೆಲಸ ಹೋಗುವುದಿದ್ದರೂ ಆ ದಿನದ ಎಣಿಕೆ ನನ್ನದೇ. ಬೂಟು ಕೋಣೆಯ ಬಾಗಿಲು ತೆರೆದೆ.

ಗೂಡುಗಳೆಲ್ಲ ಖಾಲಿ. ಎಡಗಾಲಿನ ಬೂಟುಗಳೆಲ್ಲ ಕಲ್ಲಿದ್ದಿಲು ಡಬ್ಬದ ಸುತ್ತ, ಬಲಗಾಲಿನವೆಲ್ಲ ಹಗ್ಗದ ಸುರುಳಿಯ ಸುತ್ತ ರಾಶಿ ಬಿದ್ದಿದ್ದವು. ದೊಡ್ಡವರದು, ಮಕ್ಕಳದು, ಹೃದಯ ವೈದ್ಯರದು, ವಕೀಲರದು, ನನ್ನದೂ ಸಹ. ಯಾರೋ ನನ್ನ ಗೂಡಿಗೂ ಕೈ ಹಾಕಿದ್ದರು. ಊಟದ ಕೋಣೆಯಲ್ಲಿ ಉಸಿರಿನ ಸದ್ದೂ ಇರಲಿಲ್ಲ. ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಾಯಿತು.

ನಾನು ಎಣಿಸಲು ಕುಳಿತೆ. ಎಡಗಾಲಿನವು ಮೂವತ್ತೊಂದು. ಬಲಗಾಲಿನವು ಮೂವತ್ತು. ಮತ್ತೆ ಎಣಿಸಿದೆ. ಡಬ್ಬದ ಹಿಂದೆ, ಸುರುಳಿಯ ಒಳಗೆ, ಬೆಂಚಿನ ಕೆಳಗೆ, ಬಾಯ್ಲರಿನ ಹಿಂದೆ ನೋಡಿದೆ. ಮೂವತ್ತೇ.

ಸೈರನ್ನಿನ ಕಡೆ ಹೋಗಲಿಲ್ಲ. ಊಟದ ಕೋಣೆಯ ಬಾಗಿಲಲ್ಲಿ ನಿಂತು, ಒಬ್ಬೊಬ್ಬರ ಕಡೆಯೂ ಬೆರಳು ತೋರಿಸಿ, ಗಟ್ಟಿಯಾಗಿ ಜನರನ್ನು ಎಣಿಸಿದೆ. ನನ್ನನ್ನೂ ಸೇರಿಸಿ ಮೂವತ್ತೊಂದು.

“ಜನ ಸರಿಯಾಗಿದ್ದಾರೆ” ಎಂದೆ. “ಒಂದು ಬಲಗಾಲಿನ ಬೂಟು ಕಡಿಮೆ.”

ಕೋಣೆಗೆ ಕೋಣೆಯೇ ನಕ್ಕಿತು. ಜೋಯ್ಸ್ ಮೇಜಿನ ಕೆಳಗಿನಿಂದ ಬಲಗಾಲನ್ನು ಎತ್ತಿ ತೋರಿಸಿದರು. ಕಾಲಲ್ಲಿ ಬೂಟಿತ್ತು.

“ಮೂವತ್ತು ವರ್ಷದಿಂದ ನಾನು ತಪ್ಪಾಗಿ ಜಾರುತ್ತಿದ್ದೇನೆ ಎಂದು ನೀವು ಇಯಾನ್‌ಗೆ ಹೇಳಿದಿರಂತೆ.”

“ಹೌದು ಮೇಡಂ. ಮಂಡಿ ಬಾಗುವುದಿಲ್ಲ.”

“ಅದನ್ನು ಬಾಗಿಸಲು ಸೀಸನ್ನಿನ ಉಳಿದ ಮೂರು ತಿಂಗಳು ಸಾಕಾಗುತ್ತದೆಯೇ? ನಾಳೆಗೆ ಹೆಸರು ಬರೆದಿದ್ದೇನೆ. ಒಂಬತ್ತು ಗಂಟೆಗೆ.”

ನಾನು ಹಲಗೆಯ ಕಡೆ ತಿರುಗಿ ನೋಡಿದೆ. ಮೇಲಿನ ಹೆಸರು ಅವರದು. ಅದರ ಕೆಳಗೆ ಬಾಬ್ ಎಡಗೈಯಲ್ಲಿ ಸೊಟ್ಟಗೆ ಬರೆದಿದ್ದ. ಇನ್ನೂ ಕೆಳಗಿದ್ದವನ್ನು ಕಣ್ಣು ಮಂಜಾಗಿ ಓದಲಾಗಲಿಲ್ಲ.

“ಒಂಬತ್ತಕ್ಕಲ್ಲ” ಎಂದೆ. “ಒಂಬತ್ತಕ್ಕೆ ಐದು ನಿಮಿಷ ಇರುವಾಗಲೇ ಸಾಲಿನಲ್ಲಿ ನಿಂತಿರಬೇಕು.”